ಡಿಜಿಟಲ್ ಪಿಯಾನೋದಲ್ಲಿ ಬಾಖ್ ಫ್ಯೂಗ್: ರೆಕಾರ್ಡ್ ಮಾಡಿದರೆ ನಡುವಿನ ಎಳೆ ಕೇಳಿಸುವುದೇ ಇಲ್ಲ

ಹೆಡ್‌ಫೋನ್ ಅಭ್ಯಾಸಿ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬಾಖ್‌ನ ವೆಲ್ ಟೆಂಪರ್ಡ್ ಕ್ಲಾವಿಯರ್ ಮೊದಲ ಭಾಗದ (1722) ಸಿ ಮೈನರ್ ಫ್ಯೂಗ್ (ಒಂದೇ ರಾಗದ ತುಣುಕನ್ನು ಹಲವು ಎಳೆಗಳು ಒಂದಾದ ಮೇಲೊಂದು ಹಿಡಿದು ಹೆಣೆಯುವ ರಚನೆ) ನುಡಿಸುತ್ತಿದ್ದೇನೆ, ಬಾಖ್ ಕೃತಿಪಟ್ಟಿಯಲ್ಲಿ ಬಿಡಬ್ಲ್ಯುವಿ 847. ಮೂರು ಎಳೆ (ಒಟ್ಟಿಗೆ ಸಾಗುವ ಬೇರೆ ಬೇರೆ ಸ್ವರಸಾಲುಗಳು), 31 ಬಾರ್ (ತಾಳದ ಆವರ್ತನ). ಸ್ವರಗಳು ಕೈಗೆ ಕೂತಿವೆ, ವೇಗವೂ ಒಂದು ಹದಕ್ಕೆ ಬಂದಿದೆ. ನುಡಿಸುವಾಗ ಮೂರೂ ಎಳೆಗಳು ನನಗೆ ಬೇರೆ ಬೇರೆಯಾಗಿಯೇ ಕೇಳಿಸುತ್ತವೆ. ರೆಕಾರ್ಡ್ ಮಾಡಿ ಮಾರನೇ ದಿನ ಕೇಳಿದರೆ ಮೇಲಿನದು, ಕೆಳಗಿನದು ಎರಡೇ. ನಡುವಿನದು ಎಲ್ಲಿ ಹೋಯಿತು ಅಂತ ಹುಡುಕಬೇಕು.

ಶುರುವಿನಲ್ಲಿ ತೊಂದರೆ ಇಲ್ಲ. ಮೊದಲ ಎರಡು ಬಾರ್ ನಡುವಿನ ಎಳೆ ಒಂಟಿಯಾಗಿರುತ್ತದೆ. 3ನೇ ಬಾರ್‌ನಲ್ಲಿ ಮೇಲಿನದು ಸೇರುತ್ತದೆ. ಅಲ್ಲಿಯವರೆಗೂ ಚೆನ್ನಾಗಿದೆ. 7ನೇ ಬಾರ್‌ನಲ್ಲಿ ಎಡಗೈ ಸಬ್ಜೆಕ್ಟ್ (ಫ್ಯೂಗ್‌ನ ಮುಖ್ಯ ರಾಗದ ತುಣುಕು) ಹಿಡಿದುಕೊಂಡು ಒಳಗೆ ಬಂದ ಕೂಡಲೇ ಎಲ್ಲ ಕಲಸಿಹೋಗುತ್ತದೆ.

ನನ್ನದು 88 ಕೀಗಳ ಪಿಯಾನೋ, ಕೀಗಳಿಗೆ ಒಳ್ಳೆ ತೂಕವಿದೆ. ಯುಎಸ್‌ಬಿ ಕೇಬಲ್‌ನಲ್ಲಿ ಆಡಿಯೋ ನೇರವಾಗಿ ಲ್ಯಾಪ್‌ಟಾಪ್‌ಗೆ ಹೋಗುತ್ತದೆ. ಗ್ರ್ಯಾಂಡ್ ಪಿಯಾನೋ ಸೌಂಡ್, ಹಾಲ್ ರಿವರ್ಬ್ (ದೊಡ್ಡ ಸಭಾಂಗಣದಂಥ ಅನುರಣನ) ಆನ್. ಪೆಡಲ್ ಮುಟ್ಟುವುದಿಲ್ಲ. ನಡುವಿನ ಎಳೆಯನ್ನು ಜೋರಾಗಿ ಒತ್ತಿ ನೋಡಿದೆ. ಆಗ ಸ್ವರಗಳು ಕುಟ್ಟಿದ ಹಾಗೆ ಕೇಳುತ್ತವೆಯೇ ಹೊರತು ಒಂದು ಎಳೆಯಾಗಿ ಸಾಗುವುದಿಲ್ಲ. ಇದು ವಾದ್ಯದ ಮಿತಿಯಾ, ರೆಕಾರ್ಡಿಂಗ್‌ನದಾ, ನನ್ನ ಬೆರಳಿನದಾ? ಮೂರು ಎಳೆಗಳನ್ನೂ ಬೇರೆ ಬೇರೆ ನುಡಿಸಿ ಆಮೇಲೆ ಸೇರಿಸಿದರೆ ಹೇಗೆ? ಈ ಫ್ಯೂಗ್ ಅಂದರೆ ನನಗೆ ತುಂಬಾ ಇಷ್ಟ. ಕೇಳುವವರಿಗೂ ಆ ಮೂರು ಎಳೆ ಸಿಗಬೇಕು ಅನ್ನುವುದೇ ಆಸೆ.

ಬೆರಳೆತ್ತು ಅವರ ಉತ್ತರ

ನೀವು ಹೇಳಿದ ಮೂರರಲ್ಲಿ ನನ್ನ ಮತ ಬೆರಳಿಗೆ. ಅದೂ ಕೀ ಒತ್ತುವ ಬೆರಳಿಗಲ್ಲ, ಬಿಡುವ ಬೆರಳಿಗೆ. ಡಿಜಿಟಲ್ ಪಿಯಾನೋದಲ್ಲಿ ಫ್ಯೂಗ್ ಕಲಿಯುವವರು ಜೋರು, ಮೆಲ್ಲ ಅಂತಲೇ ಒದ್ದಾಡುತ್ತಾರೆ. ಎಳೆಗಳನ್ನು ಬಿಡಿಸಿ ತೋರಿಸುವುದು ಮೊದಲು ಸ್ವರದ ಉದ್ದ. ಹಾರ್ಪ್ಸಿಕಾರ್ಡ್‌ನಲ್ಲಾಗಲಿ (ತಂತಿ ಮೀಟುವ ಹಳೆಯ ಕೀ ವಾದ್ಯ) ಆರ್ಗನ್‌ನಲ್ಲಾಗಲಿ ಬೆರಳಿನ ಬಲದಿಂದ ಒಂದು ಸ್ವರವನ್ನು ಎತ್ತಿ ತೋರಿಸಲು ಆಗುವುದಿಲ್ಲ. ಆದರೂ ಅಲ್ಲಿ ಫ್ಯೂಗ್ ಸ್ಪಷ್ಟವಾಗಿಯೇ ಕೇಳುತ್ತದೆ, ಅಲ್ವಾ? ನುಡಿಸುವವರ ಕೈಯಲ್ಲಿರುವುದು ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು ಅನ್ನುವುದಷ್ಟೇ.

ಇವತ್ತೇ ಒಂದು ಕೆಲಸ ಮಾಡಿ. ಆಡಿಯೋ ಬೇಡ, ಅದೇ ಕೇಬಲ್‌ನಲ್ಲಿ ಮಿಡಿ (ಸದ್ದಲ್ಲ, ಯಾವ ಕೀ ಯಾವಾಗ ಎಷ್ಟು ಬಲದಿಂದ ಒತ್ತಿ ಯಾವಾಗ ಬಿಟ್ಟಿರಿ ಅನ್ನುವ ಮಾಹಿತಿ) ರೆಕಾರ್ಡ್ ಮಾಡಿ. ಎಂದಿನ ಪಿಯಾನೋ ಸೌಂಡ್‌ನಲ್ಲೇ ನುಡಿಸಿ. ಆಮೇಲೆ ಆ ಮಿಡಿಯನ್ನು ಪಿಯಾನೋಗೆ ವಾಪಸ್ ಕಳಿಸಿ, ಸೌಂಡ್ ಮಾತ್ರ ಆರ್ಗನ್‌ಗೆ ಬದಲಾಯಿಸಿ ಕೇಳಿ. ಪಿಯಾನೋದ ಸ್ವರ ಹುಟ್ಟಿದ ಕೂಡಲೇ ಇಳಿಯತೊಡಗುತ್ತದೆ. ಹಾಗಾಗಿ ಬೆರಳು ತಡವಾಗಿ ಎದ್ದರೂ ಕಿವಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಆರ್ಗನ್ ಸ್ವರ ಬೆರಳು ಎತ್ತುವ ತನಕ ಒಂದೇ ಸಮನೆ ನಿಲ್ಲುತ್ತದೆ. ಎಲ್ಲೆಲ್ಲಿ ಬೆರಳು ಅಂಟಿಕೊಂಡಿದೆ, ಎಲ್ಲೆಲ್ಲಿ ಉದ್ದದ ಸ್ವರ ಅರ್ಧಕ್ಕೇ ಹೋಗಿದೆ, ಎಲ್ಲ ಬಯಲಾಗುತ್ತದೆ.

ಈಗ 7ನೇ ಬಾರ್. ಎಡಗೈಯಲ್ಲಿ ಸಬ್ಜೆಕ್ಟ್. ಮೇಲಿನ ಎಳೆಯಲ್ಲಿ ಕಾಲು ಬೀಟ್‌ನ ಸ್ವರಗಳು ಸರಸರ ಇಳಿಯುತ್ತವೆ. ನಡುವಿನ ಎಳೆಗೆ ನಿಧಾನದ ಸ್ವರಗಳು. ಮೇಲಿನದೂ ನಡುವಿನದೂ ಬಲಗೈಗೇ ಬರುತ್ತವೆ. ಹೊರಗಿನ ಬೆರಳುಗಳು ಓಡುತ್ತಿರುವಾಗ ಒಳಗಿನ ಬೆರಳು ಕೀ ಮೇಲೆ ಸುಮ್ನೆ ಕೂತಿರಬೇಕು. ಕೈಗೆ ಅದು ಒಗ್ಗುವುದಿಲ್ಲ, ಅದೂ ಜೊತೆಗೇ ಎದ್ದುಬಿಡುತ್ತದೆ. ನಡುವಿನ ಎಳೆ ಕಳೆದುಹೋಗುವುದು ಇಲ್ಲೇ ಅಂತ ನನ್ನ ಊಹೆ. ಸ್ವರ ಗಿಡ್ಡವಾಗಿರುವಾಗ ಎಷ್ಟು ಜೋರಾಗಿ ಒತ್ತಿದರೂ ಕುಟ್ಟಿದ ಹಾಗೇ ಕೇಳುತ್ತದೆ. 7, 8ನೇ ಬಾರ್ ಎರಡನ್ನೂ ಬಲಗೈಯಲ್ಲಿ ಮಾತ್ರ, ಆರ್ಗನ್ ಸೌಂಡ್ ಇಟ್ಟುಕೊಂಡು, ತೀರಾ ನಿಧಾನವಾಗಿ ನುಡಿಸಿ. ಉದ್ದದ ಸ್ವರ ಮುಂದಿನ ಸ್ವರವನ್ನು ಮುಟ್ಟುವ ತನಕ ನಿಂತಿದೆಯಾ ಅಂತ ಅದೊಂದನ್ನೇ ಕೇಳಿಸಿಕೊಳ್ಳಿ.

ಸಬ್ಜೆಕ್ಟ್‌ನ ನಡೆ ಇನ್ನೊಂದು ವಿಷಯ. ಶುರುವಾಗುವುದು ಸಿ-ಬಿ-ಸಿ, ಜಿ, ಎ ಫ್ಲಾಟ್ ಅಂತ ಅಲ್ವಾ? ಮೊದಲ ಸಿ-ಬಿ ಎರಡೂ ಕಾಲು ಬೀಟ್‌ನವು, ಮುಂದಿನ ಸಿಗೆ ಅಂಟಿಕೊಂಡೇ ಹೋಗುತ್ತವೆ. ಆಮೇಲಿನ ಸಿ, ಜಿ, ಎ ಫ್ಲಾಟ್ ಅರ್ಧ ಬೀಟ್‌ನವು. ಅವನ್ನು ನಾನು ಒಂದೊಂದಾಗಿ ಬಿಡಿಸಿ ನುಡಿಸುತ್ತೇನೆ. ನನ್ನ ಸಾಫ್ಟ್‌ವೇರ್‌ನಲ್ಲಿ ಒಂದು ಬೀಟ್‌ಗೆ 480 ಟಿಕ್ (ಸಮಯದ ಚಿಕ್ಕ ಅಳತೆ), ಅರ್ಧ ಬೀಟ್ ಅಂದರೆ 240. ಅದರಲ್ಲಿ 170ರ ಆಸುಪಾಸು ಹಿಡಿದು ಬಿಟ್ಟರೆ ನನ್ನ ಕಿವಿಗೆ ಸರಿ ಅನಿಸುತ್ತದೆ. ಇನ್ನೂ ಗಿಡ್ಡ ಮಾಡಿದರೆ ಒಣಒಣ. ನೀವು ಬೇರೆ ಅಳತೆ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಸಬ್ಜೆಕ್ಟ್ ಎಲ್ಲಿ ಬಂದರೂ ಅದೇ ನಡೆ ಇರಲಿ. 11ನೇ ಬಾರ್‌ನಲ್ಲಿ ಇ ಫ್ಲಾಟ್ ಮೇಜರ್‌ಗೆ ಹೋಗಿ ಮೇಲಿನ ಎಳೆಯಲ್ಲಿ ಬಂದಾಗಲೂ ಅದೇ, ಬಾಸ್‌ಗೆ, ಅಂದರೆ ಕೆಳಗಿನ ಎಳೆಗೆ, ಇಳಿದಾಗಲೂ ಅದೇ. ಕೇಳುವವರು ಅದನ್ನು ಗುರುತು ಹಿಡಿಯುವುದು ಈ ನಡೆಯಿಂದಲೇ, ಜೋರಿನಿಂದಲ್ಲ.

ಉದ್ದ ಸರಿಹೋದ ಮೇಲೆ ಜೋರಿಗೆ ಬನ್ನಿ. ಮಿಡಿಯಲ್ಲಿ ವೆಲಾಸಿಟಿ (ಕೀ ಒತ್ತಿದ ಬಲದ ಅಳತೆ) 127ರ ತನಕ ಇರುತ್ತದೆ. 7ನೇ ಬಾರ್‌ನಲ್ಲಿ ಓಡುವ ಸ್ವರಗಳು 50ರ ಹತ್ತಿರ, ನಡುವಿನ ಉದ್ದದ ಸ್ವರಗಳು 70ರ ಹತ್ತಿರ ಇದ್ದರೆ ಸಾಕು. ಓಡುವ ಎಳೆಯಲ್ಲಿ ಕ್ಷಣಕ್ಕೊಂದು ಹೊಸ ಸ್ವರ ಹುಟ್ಟುತ್ತಿರುತ್ತದೆ, ಅದು ತಾನಾಗಿಯೇ ಕಿವಿಗೆ ಬೀಳುತ್ತದೆ. ಉದ್ದದ ಸ್ವರ ಒಂದೇ ಸಲ ಹುಟ್ಟಿ ಅಷ್ಟು ಹೊತ್ತು ಬದುಕಬೇಕು. ಅದಕ್ಕೇ ಅದಕ್ಕೆ ಜಾಸ್ತಿ ಬಲ ಬೇಕು.

ವೇವ್‌ಫೈಲ್ ಅವರ ಉತ್ತರ

ಬೆರಳಿನ ಬಗ್ಗೆ ಮೇಲೆ ಹೇಳಿದ್ದು ಸರಿ. ಆದರೆ ರಿವರ್ಬ್ ಸುಮ್ಮನೆ ಬಿಡುವಂಥದ್ದಲ್ಲ. ಹಾಲ್ ರಿವರ್ಬ್ ಇಟ್ಟುಕೊಂಡು ಆಡಿಯೋ ರೆಕಾರ್ಡ್ ಮಾಡಿದರೆ ಅದು ಫೈಲ್‌ನೊಳಗೇ ಸೇರಿಹೋಗುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ. ಬೆರಳು ಬಿಟ್ಟ ಸ್ವರದ ಬಾಲ ಮುಂದಿನದರ ಮೇಲೆ ಬೀಳುತ್ತದೆ. ಆಗ 170 ಟಿಕ್‌ಗೆ ಬಿಟ್ಟರೂ 240ಕ್ಕೆ ಬಿಟ್ಟರೂ ವ್ಯತ್ಯಾಸ ಗೊತ್ತಾಗುವುದಿಲ್ಲ. ರಿವರ್ಬ್ ಪೂರ್ತಿ ಆಫ್ ಮಾಡಿ ರೆಕಾರ್ಡ್ ಮಾಡಿ, ಬೇಕಿದ್ದರೆ ಆಮೇಲೆ ಸಾಫ್ಟ್‌ವೇರ್‌ನಲ್ಲಿ ಚಿಕ್ಕ ಕೋಣೆಯ ರಿವರ್ಬ್ ಸ್ವಲ್ಪ ಸೇರಿಸಿ.

ಲ್ಯಾಪ್‌ಟಾಪ್‌ನ ಪಿಯಾನೋ ಸಾಫ್ಟ್‌ವೇರ್ ಕೇಳುತ್ತಾ ನುಡಿಸುವುದಾದರೆ ಪಿಯಾನೋದಲ್ಲಿ ಲೋಕಲ್ ಕಂಟ್ರೋಲ್ (ಕೀ ಒತ್ತಿದರೆ ಪಿಯಾನೋದ ಸ್ವಂತ ಸದ್ದು ಬರುವ ಸೆಟ್ಟಿಂಗ್) ಆಫ್ ಮಾಡಿ, ಇಲ್ಲದಿದ್ದರೆ ಎರಡು ಸದ್ದು ಒಟ್ಟಿಗೆ ಬರುತ್ತವೆ. ಬಫರ್ (ಲ್ಯಾಪ್‌ಟಾಪ್ ಸದ್ದನ್ನು ಒಂದೊಂದು ಸಲಕ್ಕೆ ಸಂಸ್ಕರಿಸುವ ತುಣುಕಿನ ಗಾತ್ರ) ಕೂಡ ನೋಡಿಕೊಳ್ಳಿ. 44,100 ಹರ್ಟ್ಸ್‌ನಲ್ಲಿ 256 ಸ್ಯಾಂಪಲ್ ಅಂದರೆ ಸುಮಾರು 6 ಮಿಲಿಸೆಕೆಂಡ್ ತಡ, 1024 ಅಂದರೆ 23. ಮೂರು ಎಳೆ ನುಡಿಸುವಾಗ 23 ಕಷ್ಟ. ಬ್ಲೂಟೂತ್ ಹೆಡ್‌ಫೋನ್ ಅಂತೂ ಬೇಡವೇ ಬೇಡ, ವೈರ್ ಇರುವುದನ್ನೇ ಬಳಸಿ.

ನಾಲ್ಕನೇ ಬೆರಳು ಅವರ ಉತ್ತರ

ಎಳೆಗಳನ್ನು ಬೇರೆ ಬೇರೆ ರೆಕಾರ್ಡ್ ಮಾಡುವುದನ್ನು ಯಾರೂ ಮುಟ್ಟಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಇದೇ ಫ್ಯೂಗನ್ನು 1968ರಲ್ಲಿ ವೆಂಡಿ ಕಾರ್ಲೋಸ್ ಸ್ವಿಚ್ಡ್ ಆನ್ ಬಾಖ್ ಆಲ್ಬಂನಲ್ಲಿ ಮೂಗ್ ಸಿಂಥಸೈಜರ್‌ನಿಂದ ಮಾಡಿದ್ದಾರೆ. ಆ ವಾದ್ಯದಲ್ಲಿ ಒಂದು ಸಲಕ್ಕೆ ಒಂದೇ ಸ್ವರ. ಹಾಗಾಗಿ ಒಂದೊಂದು ಎಳೆಯನ್ನೂ ಬೇರೆಯಾಗಿಯೇ ಟೇಪ್ ಮಾಡಬೇಕಿತ್ತು. ಮೂರು ಎಳೆಗೂ ಬೇರೆ ಬೇರೆ ಸೌಂಡ್ ಕೊಡುವ ಆಸೆ ಇದ್ದರೆ ಈ ದಾರಿ ಒಳ್ಳೆಯದೇ.

ಒಂದು ಎಚ್ಚರಿಕೆ. ಪ್ರತಿ ಎಳೆಗೂ ಬೇರೆ ಮಿಡಿ ಚಾನೆಲ್ (ಮಿಡಿ ಸಂದೇಶಗಳು ಹೋಗುವ ಪ್ರತ್ಯೇಕ ದಾರಿ) ಇಡಿ. ಫ್ಯೂಗ್‌ಗಳಲ್ಲಿ ಎರಡು ಎಳೆಗಳು ಒಂದೇ ಕೀ ಮೇಲೆ ಬಂದು ಸೇರುವುದುಂಟು. ಎರಡೂ ಒಂದೇ ಚಾನೆಲ್‌ನಲ್ಲಿದ್ದರೆ, ಒಂದು ಎಳೆಯ ನೋಟ್-ಆಫ್ (ಕೀ ಬಿಟ್ಟ ಸಂದೇಶ) ಬಂದ ಕೂಡಲೇ ಇನ್ನೊಂದು ಎಳೆ ಹಿಡಿದಿರುವ ಸ್ವರವೂ ನಿಂತುಹೋಗಬಹುದು. ಆಮೇಲೆ ಎಲ್ಲಿ ತುಂಡಾಯಿತು ಅಂತ ಹುಡುಕುವುದು ದೊಡ್ಡ ತಲೆನೋವು.

ಬೆರಳೆತ್ತು

ನಾಲ್ಕನೇ ಬೆರಳು ಅವರೇ, ಸಿಂಥ್‌ಗೆ ಒಪ್ಪುತ್ತೇನೆ. ಪಿಯಾನೋ ಸೌಂಡ್‌ನಲ್ಲೇ ಬೇಕು ಅನ್ನುವವರಿಗೆ ಎಳೆಗಳನ್ನು ಬೇರೆ ರೆಕಾರ್ಡ್ ಮಾಡಿ ಅಂತ ನಾನು ಹೇಳುವುದಿಲ್ಲ. ಒಟ್ಟಿಗೆ ನುಡಿಸುವಾಗ ಒಂದು ಎಳೆ ಇನ್ನೊಂದಕ್ಕೆ ಒಂಚೂರು ಕಾಯುತ್ತದೆ, ಉಸಿರು ಕೊಡುತ್ತದೆ. ತಾಳದ ಕ್ಲಿಕ್ ಕೇಳುತ್ತಾ ಒಂಟಿ ಎಳೆ ನುಡಿಸಿದರೆ ಅದು ಬರುವುದಿಲ್ಲ. ಅಭ್ಯಾಸಕ್ಕೆ ಮಾತ್ರ ಬೇರೆ ಮಾಡಿ: ಎರಡು ಎಳೆ ನುಡಿಸಿ, ಮೂರನೆಯದನ್ನು ಬಾಯಲ್ಲಿ ಹಾಡಿ. ನಡುವಿನದನ್ನು ಹಾಡುತ್ತಾ ಉಳಿದೆರಡು ನುಡಿಸುವುದು ಕಷ್ಟ, ಆದರೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಕಂಡಿಲ್ಲ.

ಹೆಡ್‌ಫೋನ್ ಅಭ್ಯಾಸಿ

ತುಂಬಾ ಥ್ಯಾಂಕ್ಸ್. ಮಿಡಿಯನ್ನು ಆರ್ಗನ್‌ನಲ್ಲಿ ಕೇಳಿದೆ. 7ನೇ ಬಾರ್ ಥೇಟ್ ನೀವು ಹೇಳಿದ ಹಾಗೇ ಇದೆ, ನಡುವಿನ ಸ್ವರಗಳು ಅರ್ಧದಷ್ಟೂ ನಿಂತಿಲ್ಲ. ರಿವರ್ಬ್ ಆಫ್ ಮಾಡಿದ್ದೇನೆ. ಇನ್ನೊಂದು ಪ್ರಶ್ನೆ: ನನ್ನ ಪಿಯಾನೋದಲ್ಲಿ ಶ್ರುತಿಯನ್ನು (ಎ ಸ್ವರದ ಕಂಪನ) 415ಕ್ಕೆ ಇಳಿಸಬಹುದು, ವರ್ಕ್‌ಮೈಸ್ಟರ್, ಕಿರ್ನ್‌ಬರ್ಗರ್ ಅಂತ ಟೆಂಪರಮೆಂಟ್‌ಗಳೂ (ಸ್ವರಗಳ ನಡುವಿನ ಅಂತರ ಹೊಂದಿಸುವ ಹಳೆಯ ಪದ್ಧತಿಗಳು) ಇವೆ. ಹಾಕಲೇ?

ಬೆರಳೆತ್ತು

ಹಾಕಿ ನೋಡಿ, ಖುಷಿ ಕೊಡುತ್ತದೆ. 415 ಹರ್ಟ್ಸ್ ಅಂದರೆ ಈಗಿನ ರೂಢಿಯ 440ಕ್ಕಿಂತ ಸುಮಾರು ಅರ್ಧ ಸ್ವರ ಕೆಳಗೆ. ಕಿರ್ನ್‌ಬರ್ಗರ್ ಬಾಖ್‌ನ ಶಿಷ್ಯ. ಟೆಂಪರಮೆಂಟ್ ಆರಿಸುವಾಗ ಆಧಾರ ಸ್ವರವನ್ನು ಸಿ ಅಂತಲೇ ಇಡಿ. ಕೊನೆಯಲ್ಲಿ ಬಾಸ್‌ನ ಸಿ ನಿಂತಿರುವಾಗ ಸಬ್ಜೆಕ್ಟ್ ಕೊನೆಯ ಸಲ ಬಂದು, ಮೈನರ್ ಬಿಟ್ಟು ಸಿ ಮೇಜರ್‌ನಲ್ಲಿ ಮುಗಿಯುತ್ತದಲ್ಲ, ಆ ಕಾರ್ಡ್ ಈಗಿನ ಸಮ ಶ್ರುತಿಗಿಂತ ತಿಳಿಯಾಗಿ ಕೇಳುತ್ತದೆ. ಅಲ್ಲಿ ಬಾಸ್‌ನ ಸಿ ಬಿಡಬೇಡಿ, ಕೊನೆಯ ತನಕ ಬೆರಳಿನಲ್ಲೇ ಹಿಡಿಯಿರಿ. ಪೆಡಲ್ ಒತ್ತಿದರೆ ಮೇಲಿನದೆಲ್ಲ ಮತ್ತೆ ಕಲಸಿಹೋಗುತ್ತದೆ.

ಇದೆಲ್ಲ ಆಮೇಲಿನ ಮಾತು. ಮೊದಲು 7ರಿಂದ 12ನೇ ಬಾರ್ ತನಕ ಹೊಸದಾಗಿ ನುಡಿಸಿ ಮಿಡಿ ಫೈಲ್ ಹಾಕಿ. ಕ್ವಾಂಟೈಸ್ (ಸಾಫ್ಟ್‌ವೇರ್ ಸ್ವರಗಳನ್ನು ತಾಳಕ್ಕೆ ಸರಿಯಾಗಿ ಜೋಡಿಸುವುದು) ಮಾಡಬೇಡಿ, ಬೆರಳು ಎದ್ದ ಜಾಗ ಇದ್ದ ಹಾಗೇ ಕಾಣಬೇಕು.