ಮೂರು ದಿನ, ಹದಿನೆಂಟು ಸ್ಥಳ

ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ‘ದೊಡ್ಡಮನೆ ಬಳಗ’ ಎಂದು ಹೆಸರು. ಇಪ್ಪತ್ತಮೂರು ಜನ ಇದ್ದೇವೆ. ಮಾತನಾಡುವವರು ಏಳೆಂಟು ಮಂದಿ, ಉಳಿದವರು ಹಬ್ಬದ ದಿನ ಕೈಮುಗಿಯುವ ಚಿತ್ರ ಹಾಕಿ ಮಾಯವಾಗುತ್ತಾರೆ. ಹಾಸನದ ದೊಡ್ಡಪ್ಪ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಗುಂಪಿನಲ್ಲಿ ಯಾರಾದರೂ ಅರ್ಧಂಬರ್ಧ ಕನ್ನಡ ಬರೆದರೆ ತಿದ್ದಿ ಹಿಂದಿರುಗಿಸುತ್ತಾರೆ. ಹಾಗಾಗಿ ನಮ್ಮಲ್ಲಿ ಜಗಳವೂ ವ್ಯಾಕರಣ ಬಿಟ್ಟು ನಡೆಯುವುದಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ ಚನ್ನರಾಯಪಟ್ಟಣದ ಮಾವ ಒಂದು ಚಿತ್ರ ಹಂಚಿಕೊಂಡರು. ಮೇಲೆ ಕೆಂಪು ಕೋಟೆ, ಕೆಳಗೆ ತಾಜ್ ಮಹಲ್, ನಡುವೆ ಹಳದಿ ಅಕ್ಷರಗಳಲ್ಲಿ ‘ದೆಹಲಿ, ಆಗ್ರಾ: ಮೂರು ದಿನ, ಹದಿನೆಂಟು ಸ್ಥಳ’. ಕೆಳಗೆ ಅವರ ಒಕ್ಕಣೆ: ‘ಬಹಳ ಉಪಯುಕ್ತ ಮಾಹಿತಿ. ಎಲ್ಲರೂ ಉಳಿಸಿಕೊಳ್ಳಿ.’

ಪಾಪ, ಅವರಿಗೆ ಗೊತ್ತಿರಲಿಲ್ಲ. ಜನವರಿಯಲ್ಲಿ ನಾವು ಏಳು ಜನ ದೆಹಲಿಗೆ ಹೋಗಿ ಬಂದದ್ದು ಇದೇ ಪಟ್ಟಿಯನ್ನು ನಂಬಿಕೊಂಡು. ಚಿಕ್ಕಪ್ಪ ಅದನ್ನು ಬಣ್ಣದಲ್ಲಿ ಮುದ್ರಿಸಿ, ಲ್ಯಾಮಿನೇಟ್ ಮಾಡಿಸಿ, ಎಲ್ಲರ ಕೈಗೂ ಒಂದೊಂದು ಕೊಟ್ಟಿದ್ದರು.

ಸಕಲೇಶಪುರದ ಅತ್ತೆ: ಇದನ್ನು ಉಳಿಸಿಕೊಂಡೇ ನಾವು ಕೆಟ್ಟದ್ದು.

ಚಿಕ್ಕಪ್ಪ: ಅಕ್ಕ, ಬೆಳಿಗ್ಗೆ ಎದ್ದು ಶುರು ಮಾಡಬೇಡ. ಪಟ್ಟಿಯಲ್ಲಿ ಏನೂ ತಪ್ಪಿಲ್ಲ. ಮಂಜು ಬಿದ್ದರೆ ನಾನು ಏನು ಮಾಡಲಿ?

ಸಕಲೇಶಪುರದ ಅತ್ತೆ: ಮಂಜು ನನಗೆ ಹೊಸದೇ? ಶಿರಾಡಿ ಘಾಟಿಯಲ್ಲಿ ಎದುರಿನ ಲಾರಿಯ ದೀಪ ನೋಡಿಕೊಂಡೇ ನಲವತ್ತು ವರ್ಷ ಓಡಾಡಿದ್ದೇನೆ.

ಬೆಂಗಳೂರಿನ ತಂಗಿ: ಅತ್ತೆ, ನಿಮ್ಮ ಊರಿನದು ಬೇರೆ. ಅಲ್ಲಿ ಮೋಡವೇ ಬಂದು ಬೆಟ್ಟಕ್ಕೆ ತಾಗುತ್ತದೆ, ಗಾಳಿ ಬೀಸಿದರೆ ಹೋಗುತ್ತದೆ. ದೆಹಲಿಯಲ್ಲಿ ರಾತ್ರಿ ನೆಲ ತಣ್ಣಗಾಗಿ, ಅದರ ಮೇಲಿನ ತೇವದ ಗಾಳಿ ನಿಂತಲ್ಲೇ ಕಾವಳವಾಗುತ್ತದೆ. ಬೀಸುವ ಗಾಳಿ ಇಲ್ಲ, ಹೊಗೆ ಮತ್ತು ದೂಳು ಸಾಕಷ್ಟು. ಬಿಸಿಲು ಏರುವವರೆಗೆ ಕದಲುವುದಿಲ್ಲ. ಜನವರಿಯಲ್ಲಿ ಬೆಳಗಿನ ವಿಮಾನ ಬೇಡ, ಮಧ್ಯಾಹ್ನದ್ದು ಕಾಯ್ದಿರಿಸಿ ಎಂದು ಅಪ್ಪನಿಗೆ ಎರಡು ಸಲ ಹೇಳಿದ್ದೆ.

ಚಿಕ್ಕಪ್ಪ: ಬೆಳಗಿನದಕ್ಕೆ ತಲೆಗೆ 1,100 ರೂಪಾಯಿ ಕಡಿಮೆ ಇತ್ತು.

ಸಕಲೇಶಪುರದ ಅತ್ತೆ: ಹೌದು, ಉಳಿದ ಹಣದಲ್ಲಿ ಜೈಪುರ ನೋಡಿದೆವಲ್ಲ. ವಿಮಾನದ ಕಿಟಕಿಯಿಂದ.

ಇದಕ್ಕೆ ಒಂಬತ್ತು ಜನ ನಗುವ ಮುಖ ಹಾಕಿದರು. ನಡೆದದ್ದು ಇಷ್ಟು: ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಹಾಸನ ಬಿಟ್ಟು, ಶನಿವಾರ ನಸುಕಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಹತ್ತಿದೆವು. ದೆಹಲಿಯ ಮೇಲೆ ಎರಡು ಸುತ್ತು ಹಾಕಿದ ವಿಮಾನ ಇಳಿಯಲಾಗದೆ ಜೈಪುರಕ್ಕೆ ಹೋಗಿ ಕುಳಿತುಕೊಂಡಿತು. ನಾವೂ ಅದರೊಳಗೇ ಕುಳಿತೆವು. ದೆಹಲಿಯ ಕೋಣೆ ಸೇರುವ ಹೊತ್ತಿಗೆ ದೀಪ ಹಚ್ಚುವ ಸಮಯ. ಹದಿನೆಂಟರಲ್ಲಿ ಆರು ಸ್ಥಳಗಳು ಅಲ್ಲಿಗೇ ಬಿದ್ದುಹೋದವು.

ಅರಸೀಕೆರೆ ಭಾವ: ಐವತ್ತು ಮೀಟರ್ ಕಂಡರೂ ಇಳಿಯಬಹುದಾದ ವ್ಯವಸ್ಥೆ ದೆಹಲಿಯಲ್ಲಿ ಇದೆ. ಆದರೆ ವಿಮಾನದಲ್ಲಿಯೂ ಆ ಉಪಕರಣ ಇರಬೇಕು, ಪೈಲಟ್‌ಗೂ ಆ ತರಬೇತಿ ಆಗಿರಬೇಕು. ಇದನ್ನು ಟಿಕೆಟ್ ತೆಗೆಯುವಾಗ ಯಾರು ಕೇಳುತ್ತಾರೆ? ಶನಿವಾರದ ಮಟ್ಟಿಗೆ ಚಿಕ್ಕಮಾವನ ತಪ್ಪಿಲ್ಲ ಎಂದು ನನ್ನ ಮತ.

ಸಕಲೇಶಪುರದ ಅತ್ತೆ: ಶನಿವಾರ ಬಿಡಿ. ಸೋಮವಾರಕ್ಕೆ ಬನ್ನಿ.

ಸೋಮವಾರ ಎಂದ ಕೂಡಲೇ ಚಿಕ್ಕಪ್ಪನ ಹೆಸರಿನ ಮುಂದೆ ‘ಬರೆಯುತ್ತಿದ್ದಾರೆ’ ಎಂದು ಬಂತು, ಹೋಯಿತು, ಮತ್ತೆ ಬಂತು. ಬರಹ ಮಾತ್ರ ಬರಲಿಲ್ಲ.

ಪಟ್ಟಿಯ ಪ್ರಕಾರ ಸೋಮವಾರ ಆಗ್ರಾ. ಬಾಡಿಗೆ ಕಾರಿಗೆ 4,200 ರೂಪಾಯಿ ಮುಂಗಡ ಕೊಟ್ಟಾಗಿತ್ತು. ಬೆಳಗಿನ ಐದಕ್ಕೆ ಕಾರು ಬಂತು. ಚಾಲಕ ಹೊರಡಲು ಸಿದ್ಧನಿದ್ದ, ಕಾರಿನ ಮೂತಿಯೇ ಕಾಣುತ್ತಿರಲಿಲ್ಲ. ದೊಡ್ಡಪ್ಪ ಕಂಬಳಿ ಹೊದ್ದುಕೊಂಡೇ ಹೊರಗೆ ಬಂದು, ‘ನಾನು ಹತ್ತುವುದಿಲ್ಲ, ನೀವೂ ಹತ್ತಬೇಡಿ’ ಎಂದುಬಿಟ್ಟರು. ಮುಂಗಡ ಹೋಯಿತು. ಭಾನುವಾರಕ್ಕೆಂದು ಬರೆದುಕೊಂಡು ನೋಡಲಾಗದೆ ಉಳಿದಿದ್ದ ಅಕ್ಷರಧಾಮ, ಕಮಲ ಮಂದಿರ, ರಾಷ್ಟ್ರೀಯ ವಸ್ತುಸಂಗ್ರಹಾಲಯಗಳನ್ನು ಸೋಮವಾರಕ್ಕೆ ತಳ್ಳಿದ್ದು ಆಗಲೇ. ಮೂರಕ್ಕೂ ಸೋಮವಾರ ರಜೆ. ಕೆಂಪು ಕೋಟೆಗೂ ಸೋಮವಾರವೇ ರಜೆ. ಪುಣ್ಯಕ್ಕೆ ಅದನ್ನು ಭಾನುವಾರ ನೋಡಿಕೊಂಡಿದ್ದೆವು.

ಮೊಬೈಲ್ ತೆಗೆದು ನೋಡಬಾರದಿತ್ತೇ ಎಂದು ನೀವು ಕೇಳಬಹುದು. ಅಕ್ಷರಧಾಮದ ಒಳಗೆ ಮೊಬೈಲ್ ಬಿಡುವುದಿಲ್ಲ. ಅಲ್ಲಿ ಜಮಾ ಮಾಡಿ ಸರದಿಯಲ್ಲಿ ನಿಲ್ಲುವುದು ಯಾಕೆ ಎಂದು ಚಿಕ್ಕಪ್ಪ ಏಳೂ ಮೊಬೈಲ್‌ಗಳನ್ನು ಕೋಣೆಯ ಕಪಾಟಿನಲ್ಲಿ ಇಡಿಸಿ ಬೀಗ ಹಾಕಿಸಿದ್ದರು. ಅಷ್ಟು ಮುಂದಾಲೋಚನೆ ಇರುವವರಿಗೆ ವಾರದ ನೆನಪು ಮಾತ್ರ ಆಗಲಿಲ್ಲ.

ಚಿಕ್ಕಮ್ಮ: ನಮ್ಮ ಮನೆಯವರನ್ನು ಎಲ್ಲರೂ ಸೇರಿ ಅನ್ನುವುದು ಬೇಡ. ಟಿಕೆಟ್, ಕೋಣೆ, ಕಾರು ಎಲ್ಲವನ್ನೂ ಅವರೊಬ್ಬರೇ ನೋಡಿಕೊಂಡರು. ಪಟ್ಟಿ ಕೈಯಲ್ಲಿದ್ದರೂ ಯಾರೂ ಓದಲಿಲ್ಲ. ಅತ್ತಿಗೆ ಅದರಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

ಸಕಲೇಶಪುರದ ಅತ್ತೆ: ಜನವರಿಯ ದೆಹಲಿಯಲ್ಲಿ ಗಾಳಿ ಬೀಸಿಕೊಂಡೆನೇ? ಅದರ ಮೇಲೆ ಕುಳಿತಿದ್ದೆ. ಕಲ್ಲು ಅಷ್ಟು ತಣ್ಣಗಿತ್ತು. ಪಟ್ಟಿ ಬೇರೆ ಯಾವ ಕೆಲಸಕ್ಕೂ ಬರಲಿಲ್ಲ. ಇನ್ನು ಪೇಟೆಯ ವಿಚಾರ ಹೇಳಲೇ? ಭಾನುವಾರ ಚಾಂದನಿ ಚೌಕಕ್ಕೆ ಕರೆದುಕೊಂಡು ಹೋದ, ಮುಕ್ಕಾಲು ಅಂಗಡಿಗಳ ಬಾಗಿಲು ಎಳೆದಿತ್ತು. ಅಲ್ಲಿಗೆ ಭಾನುವಾರ ರಜೆಯಂತೆ. ಸೋಮವಾರ ಸಂಜೆ ಸರೋಜಿನಿ ನಗರಕ್ಕೆ ಹೋದೆವು, ಅಲ್ಲಿಗೆ ಸೋಮವಾರ ರಜೆಯಂತೆ. ಎರಡು ದಿನವನ್ನು ಅದಲುಬದಲು ಮಾಡಿದ್ದರೆ ಎರಡೂ ಪೇಟೆ ಸಿಗುತ್ತಿದ್ದವು. ಸೊಸೆಗೆ ಶಾಲು ತರುತ್ತೇನೆ ಎಂದು ಹೇಳಿ ಹೋದವಳು ಕೊನೆಗೆ ಹಾಸನದ ಬಸ್ ನಿಲ್ದಾಣದ ಎದುರು ತೆಗೆದುಕೊಂಡು ಮನೆಗೆ ಹೋದೆ.

ಈ ಶಾಲಿನ ಗುಟ್ಟು ಅತ್ತೆಯ ಸೊಸೆಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವಳೂ ಗುಂಪಿನಲ್ಲಿದ್ದಾಳೆ. ‘ಓಹೋ’ ಎಂದು ಒಂದೇ ಮಾತು ಬರೆದಳು.

ಚಿಕ್ಕಪ್ಪ: ಒಟ್ಟಿನಲ್ಲಿ ಏನೂ ನೋಡಲಿಲ್ಲ ಎಂದು ಹೇಳಬೇಡಿ. ಸೋಮವಾರ ಮಧ್ಯಾಹ್ನ ಕುತುಬ್ ಮಿನಾರ್ ನೋಡಿದೆವು. ಅದಕ್ಕೆ ವಾರದ ರಜೆ ಇಲ್ಲ.

ಸಕಲೇಶಪುರದ ಅತ್ತೆ: ಮಿನಾರ್ ನೋಡಲು ಹತ್ತು ನಿಮಿಷ, ಅಣ್ಣ ಕುಳಿತ ಬಾಗಿಲು ನೋಡಲು ಎರಡು ಗಂಟೆ.

ದೊಡ್ಡಪ್ಪ ಅಲ್ಲಿಯವರೆಗೆ ಒಂದಕ್ಷರ ಬರೆದಿರಲಿಲ್ಲ. ಈಗ ಬರೆದರು, ಪರದೆ ತುಂಬುವಷ್ಟು.

ದೊಡ್ಡಪ್ಪ: ಆ ಬಾಗಿಲಿನ ಹೆಸರು ಅಲಾಯಿ ದರ್ವಾಜಾ. ಅಲಾವುದ್ದೀನ್ ಖಿಲ್ಜಿ ಕಟ್ಟಿಸಿದ್ದು, 1311ರಲ್ಲಿ. ಕೆಂಪು ಕಲ್ಲಿನ ನಡುವೆ ಬಿಳಿ ಅಮೃತಶಿಲೆ, ಕಮಾನಿನ ಒಳ ಅಂಚಿಗೆ ಸಾಲಾಗಿ ಕಮಲದ ಮೊಗ್ಗುಗಳು. ಯಾರಾದರೂ ತಲೆ ಎತ್ತಿ ನೋಡಿದಿರೋ ಇಲ್ಲವೋ ನನಗೆ ಗೊತ್ತಿಲ್ಲ. ಅದೇ 1311ರಲ್ಲಿ ಆ ಸುಲ್ತಾನನ ದಂಡನಾಯಕ ಮಲಿಕ್ ಕಾಫೂರ್ ನಮ್ಮ ದ್ವಾರಸಮುದ್ರದ ಮುಂದೆ ಬಂದು ನಿಂತ. ಈಗಿನ ಹಳೇಬೀಡು, ನಮ್ಮ ಮನೆಯಿಂದ ಒಂದು ಗಂಟೆಯ ದಾರಿ. ಹೊಯ್ಸಳ ದೊರೆ ಮೂರನೆಯ ವೀರಬಲ್ಲಾಳ ಶರಣಾದ, ಆನೆ, ಕುದುರೆ, ಭಂಡಾರ ಎಲ್ಲವೂ ದೆಹಲಿಗೆ ಹೋದವು. ಆ ಹಣದಿಂದಲೇ ಈ ಬಾಗಿಲು ಎದ್ದಿತು ಎಂದು ನಾನು ಹೇಳುವುದಿಲ್ಲ. ಅಲ್ಲಿ ಬಾಗಿಲು ಏಳುತ್ತಿದ್ದ ವರ್ಷ ಇಲ್ಲಿ ಭಂಡಾರ ಬರಿದಾಯಿತು, ಅಷ್ಟೇ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಆ ಇಸವಿಯನ್ನು ಬಾಯಿಪಾಠ ಮಾಡಿಸಿದ್ದೇನೆ. ಅದರ ಇನ್ನೊಂದು ತುದಿಯನ್ನು ಕೈಯಲ್ಲಿ ಮುಟ್ಟಲು ಎರಡು ಗಂಟೆ ತೆಗೆದುಕೊಂಡರೆ ಅದು ಹೆಚ್ಚಾಯಿತೇ?

ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ.

ನನಗೆ ನೆನಪಿದೆ. ದೊಡ್ಡಪ್ಪ ಎಡಗೈಯ ಉಣ್ಣೆಯ ಕೈಗವಸನ್ನು ಕಳಚಿ ಜೇಬಿಗೆ ಹಾಕಿಕೊಂಡು, ಬರಿಗೈಯನ್ನು ಆ ಗೋಡೆಗೆ ಒತ್ತಿ ಕುಳಿತಿದ್ದರು. ನಾನು ಚಳಿಗೆ ಕಾಲು ಬದಲಾಯಿಸುತ್ತ, ಇವರು ಎಷ್ಟು ಬೇಗ ಏಳುತ್ತಾರೋ ಎಂದುಕೊಳ್ಳುತ್ತಿದ್ದೆ. ಚಿತ್ರ ತೆಗೆಯೋಣ ಎಂದರೆ ಮೊಬೈಲ್‌ಗಳು ಕಪಾಟಿನಲ್ಲಿ.

ಅರಸೀಕೆರೆ ಭಾವ: ದೊಡ್ಡಮಾವ, ಆಗ ಬಲ್ಲಾಳನ ಮಗನೂ ದೆಹಲಿಗೆ ಹೋಗಿದ್ದ ಎಂದು ನೀವೇ ಹೇಳಿದ್ದಿರಿ.

ದೊಡ್ಡಪ್ಪ: ಹೋಗಿದ್ದ. ವಿರೂಪಾಕ್ಷ ಬಲ್ಲಾಳ. 1313ರಲ್ಲಿ ಹಿಂದಿರುಗಿದ.

ಅರಸೀಕೆರೆ ಭಾವ: ಹಾಗಾದರೆ ಚಿಕ್ಕಮಾವ ನಮ್ಮನ್ನು ನಾಲ್ಕೇ ದಿನಕ್ಕೆ ವಾಪಸು ತಂದದ್ದು ದೊಡ್ಡದು.

ಚಿಕ್ಕಪ್ಪ: ಇನ್ನೂ ಒಂದು ಇದೆ. ಕುತುಬ್‌ನ ಎರಡರಷ್ಟು ಎತ್ತರ ಕಟ್ಟುತ್ತೇನೆ ಎಂದು ಅದೇ ಖಿಲ್ಜಿ ಪಕ್ಕದಲ್ಲಿ ಇನ್ನೊಂದು ಮಿನಾರ್ ಶುರು ಮಾಡಿಸಿದ. ಮೊದಲ ಅಂತಸ್ತಿಗೆ ನಿಂತುಹೋಯಿತು. ಮೊಂಡು ಕಲ್ಲುಗುಪ್ಪೆ ನೀವೆಲ್ಲ ನೋಡಿದ್ದೀರಿ. ಸುಲ್ತಾನನ ಪಟ್ಟಿಯೇ ಪೂರ್ತಿ ಆಗಲಿಲ್ಲ, ನನ್ನದನ್ನು ಯಾಕೆ ಎಳೆಯುತ್ತೀರಿ?

ಚಿಕ್ಕಪ್ಪ ಹಾಸನದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಗಿರಾಕಿ ಮುನಿಸಿಕೊಂಡರೆ ಹೇಗೆ ಸಮಾಧಾನ ಮಾಡಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಜಗಳ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಅದೇ ಕೈಯಲ್ಲಿ ಅವರು ಲೆಕ್ಕದ ಹಾಳೆಯನ್ನೂ ಗುಂಪಿಗೆ ಹಾಕಿದರು. ‘ಹೇಗೂ ಮಾತು ಬಂತು, ಆಗ್ರಾ ಕಾರಿನ ಮುಂಗಡ ತಲೆಗೆ 600, ಯಾರೂ ಇನ್ನೂ ಕೊಟ್ಟಿಲ್ಲ.’

ಸಕಲೇಶಪುರದ ಅತ್ತೆ: 4,200ನ್ನು ಏಳರಿಂದ ಭಾಗಿಸಿದ್ದೀಯ. ದೊಡ್ಡತ್ತಿಗೆ ಮಂಡಿನೋವು, ಆಗ್ರಾಕ್ಕೆ ಬರುವುದಿಲ್ಲ ಎಂದು ಹಾಸನದಲ್ಲೇ ಹೇಳಿದ್ದರು. ಆರರಿಂದ ಭಾಗಿಸು.

ಚಿಕ್ಕಪ್ಪ: ಆರಾದರೆ 700 ಆಗುತ್ತದೆ. ನಿನಗೇ ನೂರು ರೂಪಾಯಿ ಹೆಚ್ಚು.

ಸಕಲೇಶಪುರದ ಅತ್ತೆ: ಆಗಲಿ. ಹೋಗದ ಊರಿಗೆ, ಹೋಗುವುದಿಲ್ಲ ಎಂದವರಿಂದ ಹಣ ಕೇಳುವುದೇ?

ಬೆಂಗಳೂರಿನ ತಂಗಿ: ಅಪ್ಪ, ಆಗ್ರಾಕ್ಕೆ ಹೋಗುವ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಚಳಿಗಾಲಕ್ಕೆಂದೇ ಕಾರಿನ ವೇಗದ ಮಿತಿಯನ್ನು 100ರಿಂದ 75ಕ್ಕೆ ಇಳಿಸುತ್ತಾರೆ. ಮಂಜಿನಲ್ಲಿ ಸಾಲುಸಾಲಾಗಿ ಗಾಡಿಗಳು ಗುದ್ದಿಕೊಂಡ ಸುದ್ದಿ ವರ್ಷವೂ ಬರುತ್ತದೆ. ದೊಡ್ಡಪ್ಪ ತಡೆದದ್ದೇ ಒಳ್ಳೆಯದಾಯಿತು. ಮುಂಗಡದಲ್ಲಿ ನನ್ನ ಪಾಲೂ ಒಂದಿರಲಿ, ಏಳರಿಂದಲೇ ಭಾಗಿಸಿ.

ಹೀಗೆ, ಪ್ರವಾಸಕ್ಕೆ ಬಾರದ ತಂಗಿ 600 ಕೊಟ್ಟಳು, ಬಂದ ದೊಡ್ಡಮ್ಮ ಬಚಾವಾದರು. ಭಾವ ಕೂಡಲೇ ಹಣ ಕಳುಹಿಸಿದ ಚಿತ್ರ ಹಾಕಿದರು. ನಾನು ಹೆಬ್ಬೆಟ್ಟು ಒತ್ತಿದೆ, ಹಣ ಇನ್ನೂ ಕಳುಹಿಸಿಲ್ಲ.

ಇಷ್ಟೆಲ್ಲ ಆಗುವಾಗ ಚನ್ನರಾಯಪಟ್ಟಣದ ಮಾವ ತಾವು ಹಚ್ಚಿದ ಬೆಂಕಿಯನ್ನು ದೂರದಿಂದ ನೋಡುತ್ತ ಕುಳಿತಿದ್ದರು. ಆರಿಸೋಣ ಎನಿಸಿರಬೇಕು. ಇನ್ನೊಂದು ಚಿತ್ರ ಹಾಕಿದರು: ‘ಹಾಸನ, ಚಿಕ್ಕಮಗಳೂರು: ಒಂದೇ ದಿನ, ಒಂಬತ್ತು ಸ್ಥಳ’. ‘ದೂರ ಯಾಕೆ, ಮುಂದಿನ ಸಲ ನಮ್ಮ ಕಡೆಯೇ ಸುತ್ತೋಣ’ ಎಂದು ಒಕ್ಕಣೆ.

ಆಮೇಲೆ ಗುಂಪಿನಲ್ಲಿ ಬಂದ ಒಗ್ಗಟ್ಟನ್ನು ನಾನು ಮದುವೆ ಮನೆಯಲ್ಲಿಯೂ ನೋಡಿಲ್ಲ.

ಚಿಕ್ಕಪ್ಪ: ಬೆಳಿಗ್ಗೆ 7ಕ್ಕೆ ಶ್ರವಣಬೆಳಗೊಳ, 8ಕ್ಕೆ ಹಳೇಬೀಡು ಎಂದು ಬರೆದಿದ್ದಾರೆ! ಆರುನೂರಕ್ಕೂ ಹೆಚ್ಚು ಮೆಟ್ಟಿಲು ಬರಿಗಾಲಿನಲ್ಲಿ ಹತ್ತಿ, ಇಳಿದು, ಅಷ್ಟು ದೂರ ಒಂದು ಗಂಟೆಯಲ್ಲಿ ಬರಲು ಇವರು ಹಾರಿಕೊಂಡು ಬರುತ್ತಾರೆಯೇ?

ದೊಡ್ಡಪ್ಪ: ಬೇಲೂರಿಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾನೆ. ಮದನಿಕೆಯರು ನಲವತ್ತೆರಡು. ಒಬ್ಬೊಬ್ಬಳಿಗೆ ಅರ್ಧ ನಿಮಿಷವೂ ಇಲ್ಲ.

ಅರಸೀಕೆರೆ ಭಾವ: ಮಧ್ಯಾಹ್ನ ಎರಡಕ್ಕೆ ಮುಳ್ಳಯ್ಯನಗಿರಿಯಲ್ಲಿ ಸೂರ್ಯೋದಯ!

ಸಕಲೇಶಪುರದ ಅತ್ತೆ: ನಮ್ಮ ಮಂಜರಾಬಾದ್ ಕೋಟೆಗೆ ‘ದಾರಿಯಲ್ಲಿ ನೋಡಿಕೊಂಡು ಹೋಗಿ’ ಎಂದಿದ್ದಾನೆ. ಮೆಟ್ಟಿಲು ಹತ್ತಿದವರಿಗೆ ಗೊತ್ತು. ಇದನ್ನು ನಂಬಿಕೊಂಡು ದೆಹಲಿಯವರು ಯಾರಾದರೂ ಬಂದರೆ ಅವರ ಗತಿ ಏನು?

ಚಿಕ್ಕಪ್ಪ: ಅದಕ್ಕೇ ಹೇಳುವುದು ಅಕ್ಕ, ಇಂಥವನ್ನು ನಂಬಬಾರದು.

ಇದನ್ನು ಬರೆದವರು ಲ್ಯಾಮಿನೇಟ್ ಮಾಡಿಸಿದವರೇ. ಅತ್ತೆ ಉತ್ತರ ಕೊಡಲಿಲ್ಲ, ಒಂದು ಕೆಂಪು ಮುಖ ಮಾತ್ರ ಹಾಕಿದರು. ಮಾವ ಎರಡೂ ಚಿತ್ರಗಳನ್ನು ಅಳಿಸಿದರು.

ಸಂಜೆ ಆರೂವರೆಗೆ ದೊಡ್ಡಮ್ಮನ ಧ್ವನಿ ಸಂದೇಶ ಬಂತು. ಗುಂಪಿಗೆ ಸೇರಿಸಿ ನಾಲ್ಕು ವರ್ಷವಾದರೂ ಅವರು ಮಾತನಾಡಿದ್ದು ಇದೇ ಮೊದಲು. ಹಿಂದೆ ಕುಕ್ಕರ್ ಕೂಗುತ್ತಿತ್ತು.

ದೊಡ್ಡಮ್ಮ: ಅದೆಲ್ಲ ಇರಲಿ. ಮೆಟ್ರೋದಲ್ಲಿ ನನ್ನ ಕೋಡುಬಳೆ ಡಬ್ಬಿ ತೆಗೆಸಿದರಲ್ಲ, ಅದರ ಮುಚ್ಚಳ ಯಾರ ಹತ್ತಿರ ಇದೆ?

ಆ ಡಬ್ಬಿ ನನಗೆ ಚೆನ್ನಾಗಿ ನೆನಪಿದೆ. ತಪಾಸಣೆಯ ಯಂತ್ರದೊಳಗೆ ಚೀಲ ಹೋದಾಗ ಪರದೆಯ ಮೇಲೆ ಉಂಗುರ, ಉಂಗುರ, ಉಂಗುರ. ಕಾವಲಿನವರು ಹಿಂದಿಯಲ್ಲಿ ಏನೋ ಕೇಳಿದರು. ದೊಡ್ಡಮ್ಮನಿಗೆ ಹಿಂದಿ ಬಾರದು. ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟು, ಒಂದು ಕೋಡುಬಳೆಯನ್ನು ಕಟುಕ್ ಎಂದು ಮುರಿದು ತಾವು ಬಾಯಿಗೆ ಹಾಕಿಕೊಂಡು, ಇನ್ನರ್ಧವನ್ನು ಅವರ ಮುಂದೆ ಹಿಡಿದರು. ಅವರು ಬೇಡ ಎಂದು ನಕ್ಕು ಬಿಟ್ಟುಕೊಟ್ಟರು. ಹಿಂದಿನ ಜನ ತಳ್ಳಿದರು, ರೈಲು ಬಂತು, ಓಡಿದೆವು.

ಧ್ವನಿ ಸಂದೇಶವನ್ನು ಬಹಳ ಜನ ಕೇಳಿರಬೇಕು. ಅವರಲ್ಲಿ ನಾನೂ ಒಬ್ಬ. ನಾಳೆ ಕಟ್ಟಿನಕೆರೆ ಮಾರುಕಟ್ಟೆಯ ಪಾತ್ರೆ ಅಂಗಡಿಯಲ್ಲಿ ಆ ಅಳತೆಯ ಮುಚ್ಚಳ ಬಿಡಿಯಾಗಿ ಸಿಗುತ್ತದೆಯೋ ವಿಚಾರಿಸಬೇಕು.