ಬ್ಯಾಂಕಾಕ್‌ನಿಂದ ಸಿಂಗಾಪುರದವರೆಗೆ ರೈಲಿನಲ್ಲೇ ಹೋಗಬಹುದೇ? ಜೊತೆಗೆ ಅಪ್ಪ ಇರುತ್ತಾರೆ

ರಾಯಚೂರಿನ ಮಗಳು:
ಎಲ್ಲರಿಗೂ ನಮಸ್ಕಾರ. ಅಪ್ಪ ರಾಯಚೂರು ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್, ಅಂದರೆ ರೈಲುಗಳಿಗೆ ಹಳಿ ಬದಲಿಸಿ ಕೊಡುವವರು, ಆಗಿದ್ದವರು. ಮುಂಬಯಿ ಕಡೆಯಿಂದ ಬಂದ ಹಳಿಯೂ ಮದ್ರಾಸಿನಿಂದ ಬಂದ ಹಳಿಯೂ 1871ರಲ್ಲಿ ಕೂಡಿದ್ದು ನಮ್ಮೂರಲ್ಲೇ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ರೈಲಿನಲ್ಲಿ ಕುಳಿತು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗಬೇಕೆಂಬುದು ಅವರ ಬಹಳ ಹಳೆಯ ಆಸೆ. ಹೈದರಾಬಾದಿನಿಂದ ಬ್ಯಾಂಕಾಕ್‌ಗೆ ವಿಮಾನ, ಅಲ್ಲಿಂದ ಕ್ವಾಲಾಲಂಪುರದ ಮೇಲೆ ಸಿಂಗಾಪುರಕ್ಕೆ ರೈಲು ಎಂದುಕೊಂಡಿದ್ದೇವೆ. ಟಿಕೆಟ್ ಏಜೆಂಟ್ ಒಬ್ಬರು ಆ ದಾರಿಯಲ್ಲಿ ಯಾರೂ ರೈಲಿನಲ್ಲಿ ಹೋಗುವುದಿಲ್ಲ ಎಂದರು. ಅಪ್ಪನಿಗೆ ಮೊಣಕಾಲು ನೋವು, ಊಟ ಶುದ್ಧ ಸಸ್ಯಾಹಾರ. ಬಲ್ಲವರು ದಯವಿಟ್ಟು ತಿಳಿಸಿ.

ಬಳ್ಳಾರಿ ಮೀಟರ್ ಗೇಜ್:
ತಂಗಿ, ಖಂಡಿತ ಹೋಗಿ ಬನ್ನಿ. ನಾನು ಹುಬ್ಬಳ್ಳಿ–ಗುಂತಕಲ್ಲು ಮಾರ್ಗದಲ್ಲಿ ಗಾರ್ಡ್ ಆಗಿದ್ದವನು. ಮಗ ಕ್ವಾಲಾಲಂಪುರದಲ್ಲಿ ಕೆಲಸದಲ್ಲಿದ್ದಾಗ ಈ ದಾರಿಯಲ್ಲಿ ಪ್ರಯಾಣ ಮಾಡಿದ್ದೇನೆ. ಉದ್ದಕ್ಕೂ ಹಳಿ ಇದೆ, ಆದರೆ ಒಂದೇ ರೈಲು ಇಲ್ಲ. ಎಲ್ಲಿ ಇಳಿದು ಎಲ್ಲಿ ಹತ್ತಬೇಕು ಎಂಬುದನ್ನು ಬಿಡುವಾಗಿ ಯೋಜಿಸಿಕೊಂಡರೆ ಮೊಣಕಾಲು ನೋವಿನವರೂ ನಿಶ್ಚಿಂತೆಯಿಂದ ಹೋಗಬಹುದು.

ಬ್ಯಾಂಕಾಕ್‌ನ ಹೊಸ ಟರ್ಮಿನಲ್ ಕ್ರುಂಗ್ ಥೇಪ್ ಅಪಿವಟ್‌ನಿಂದ 45ನೇ ನಂಬರಿನ ರೈಲು ಮಧ್ಯಾಹ್ನ ಹೊರಡುತ್ತದೆ, ಮರುದಿನ ಬೆಳಿಗ್ಗೆ ಗಡಿಯ ಪಾಡಾಂಗ್ ಬೆಸಾರ್ ತಲುಪುತ್ತದೆ. ಕೆಳಗಿನ ಬರ್ತ್ ಮೇಲಿನದಕ್ಕಿಂತ ಅಗಲವಾಗಿದೆ, ದರ ತುಸು ಹೆಚ್ಚು. ಅಪ್ಪನಿಗೆ ಅದನ್ನೇ ಮಾಡಿಸಿ. ಬೆಳಿಗ್ಗೆ ಹಾಟ್ ಯಾಯ್ ಬರುವ ಮೊದಲು ಅವರನ್ನು ಎಬ್ಬಿಸಿ. ಅಲ್ಲಿ ಗಾಡಿಯನ್ನು ಬಿಡಿಸಿ, ಗಡಿಗೆ ಹೋಗುವ ಕೆಲವೇ ಬೋಗಿಗಳನ್ನು ಬೇರೆ ಮಾಡುತ್ತಾರೆ. ಪಾಯಿಂಟ್ಸ್‌ಮನ್ ಆಗಿದ್ದವರು ಆ ಶಂಟಿಂಗ್ ನೋಡಲೇಬೇಕು.

ಪಾಡಾಂಗ್ ಬೆಸಾರ್‌ನಲ್ಲಿ ಸಾಮಾನು ಸಮೇತ ಇಳಿಯಬೇಕು. ಥಾಯ್ಲೆಂಡ್‌ನಿಂದ ಹೊರಡುವ ಮುದ್ರೆಯೂ ಮಲೇಷ್ಯಾ ಪ್ರವೇಶದ ಮುದ್ರೆಯೂ ಅದೇ ನಿಲ್ದಾಣದಲ್ಲಿ ಬೀಳುತ್ತವೆ. ಮಲೇಷ್ಯಾದ ಗಡಿಯಾರ ಥಾಯ್ಲೆಂಡ್‌ಗಿಂತ ಒಂದು ಗಂಟೆ ಮುಂದೆ. ಆದ್ದರಿಂದ ತಲುಪಿದ ಕೂಡಲೇ ಹೊರಡುವ ರೈಲಿಗೆ ಮುಂಚೆಯೇ ಟಿಕೆಟ್ ಮಾಡಿಸಬೇಡಿ, ಥಾಯ್ ರೈಲು ತಡವಾದರೆ ಆ ಟಿಕೆಟ್ ವ್ಯರ್ಥ.

ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಮಾರ್ಗದಲ್ಲಿ 1990ರ ದಶಕದಲ್ಲಿ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದರು. ಮೀಟರ್ ಗೇಜ್ ಎಂದರೆ ನಿಧಾನ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಮಲೇಷ್ಯಾದಲ್ಲಿ ಅದೇ ಒಂದು ಮೀಟರ್ ಹಳಿಯ ಮೇಲೆ ಇಟಿಎಸ್ ಎಂಬ ವಿದ್ಯುತ್ ರೈಲು ಗಂಟೆಗೆ 140 ಕಿ.ಮೀ. ವೇಗದಲ್ಲಿ ಓಡುತ್ತದೆ. ಕಿಟಕಿಯ ಪಕ್ಕ ಕುಳಿತು ಅದನ್ನು ಅನುಭವಿಸಿದಾಗ ನನಗೆ ಗಂಟಲು ಕಟ್ಟಿತು. ನಿಮ್ಮ ಅಪ್ಪನಿಗೆ ಇದನ್ನು ಮುಂಚೆಯೇ ಹೇಳಿರಿ.

ಗಂಗಾವತಿ ಅಕ್ಕ:
ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗಿ, ಕೆಡುವುದಿಲ್ಲ. ಥಾಯ್ಲೆಂಡ್‌ನಲ್ಲಿ ತರಕಾರಿ ಎಂದು ಕೊಟ್ಟದ್ದರಲ್ಲೂ ಮೀನಿನ ಸಾಸ್ ಇರಬಹುದು. ‘ಜೇ’ ಎಂದು ಕೇಳಿದರೆ ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲದ ಊಟ ಸಿಗುತ್ತದೆ. ಕ್ವಾಲಾಲಂಪುರದಲ್ಲಿ ಚಿಂತೆಯೇ ಇಲ್ಲ. ಕೆಎಲ್ ಸೆಂಟ್ರಲ್ ನಿಲ್ದಾಣ ಇರುವ ಬ್ರಿಕ್‌ಫೀಲ್ಡ್ಸ್ ಅಲ್ಲಿನ ಲಿಟಲ್ ಇಂಡಿಯಾ, ಇಡ್ಲಿ, ದೋಸೆ ನಡೆದುಹೋಗುವಷ್ಟು ಹತ್ತಿರ.

ಕೊಪ್ಪಳ ಪಾಸ್‌ಪೋರ್ಟ್:
ದಾಖಲೆಗಳ ಬಗ್ಗೆ ಎಚ್ಚರವಿರಲಿ. ನಮಗೆ ಮಲೇಷ್ಯಾ 30 ದಿನಗಳವರೆಗೆ ವೀಸಾ ಕೇಳುವುದಿಲ್ಲ. ಈ ರಿಯಾಯಿತಿ 2026ರ ಡಿಸೆಂಬರ್ 31ರವರೆಗೆ. ಆದರೆ ಗಡಿ ದಾಟುವ ಮುಂಚಿನ ಮೂರು ದಿನಗಳಲ್ಲಿ ಆನ್‌ಲೈನ್ ಆಗಮನ ಪತ್ರ ತುಂಬಬೇಕು. ಥಾಯ್ಲೆಂಡ್‌ಗೂ 2025ರ ಮೇ 1ರಿಂದ ಅಂಥದೇ ಪತ್ರವಿದೆ. ಸಿಂಗಾಪುರಕ್ಕೆ ಮಾತ್ರ ವೀಸಾವನ್ನು ಊರಿನಿಂದಲೇ ಮಾಡಿಸಿಕೊಂಡು ಹೊರಡಿ.

ರಾಯಚೂರಿನ ಮಗಳು:
ಎಲ್ಲರಿಗೂ ಧನ್ಯವಾದ. ಅಪ್ಪ ಮೀಟರ್ ಗೇಜ್ ವಿಷಯವನ್ನು ಎರಡು ಸಲ ಓದಿಸಿದರು. ಗಾರ್ಡ್ ಸರ್, ಪಾಡಾಂಗ್ ಬೆಸಾರ್ ಆದಮೇಲೆ ಎಲ್ಲಿ ತಂಗುವುದು ಒಳ್ಳೆಯದು? ಸಿಂಗಾಪುರದೊಳಕ್ಕೆ ಕೊನೆಯ ರೈಲು ಯಾವುದು?

ಬಳ್ಳಾರಿ ಮೀಟರ್ ಗೇಜ್:
ಪಾಡಾಂಗ್ ಬೆಸಾರ್‌ನಿಂದ ಕೊಮ್ಯೂಟರ್ ಎಂಬ ಲೋಕಲ್ ರೈಲು ಹಿಡಿದು ಬಟರ್‌ವರ್ತ್‌ನಲ್ಲಿ ಇಳಿಯಿರಿ, ಎರಡು ಗಂಟೆಯ ದಾರಿ. ನಿಲ್ದಾಣದ ಹತ್ತಿರವೇ ದೋಣಿ ಸಿಗುತ್ತದೆ, ಪೆನಾಂಗ್ ದ್ವೀಪದ ಜಾರ್ಜ್ ಟೌನ್ ಮುಟ್ಟಿಸುತ್ತದೆ. ಎರಡು ರಾತ್ರಿ ಅಲ್ಲಿ ತಂಗಿ, ಅಪ್ಪನ ಕಾಲಿಗೆ ವಿಶ್ರಾಂತಿ ಸಿಗಲಿ. ಅನಂತರ ಇಟಿಎಸ್‌ನಲ್ಲಿ ಕ್ವಾಲಾಲಂಪುರಕ್ಕೆ ಸುಮಾರು ನಾಲ್ಕು ಗಂಟೆ.

ಕ್ವಾಲಾಲಂಪುರದಿಂದ ರೈಲಿನಲ್ಲೇ ಮಲೇಷ್ಯಾದ ದಕ್ಷಿಣ ತುದಿಯ ಜೊಹೊರ್ ಬಾರು ಸೇರಿ. ಕೊನೆಯದು ಅಲ್ಲಿಂದ ಸಿಂಗಾಪುರದ ವುಡ್‌ಲ್ಯಾಂಡ್ಸ್‌ಗೆ ಹೋಗುವ ಷಟಲ್ ರೈಲು. ಬರೀ ಐದು ನಿಮಿಷದಲ್ಲಿ ಸಮುದ್ರದ ಮೇಲಿನ ಸೇತುದಾರಿ ದಾಟಿಸುತ್ತದೆ. ಮೊದಲು ಸಿಂಗಾಪುರದ ನಡುವಿನ ತಾಂಜೊಂಗ್ ಪಾಗರ್‌ವರೆಗೆ ರೈಲು ಹೋಗುತ್ತಿತ್ತು. 2011ರಲ್ಲಿ ಆ ನಿಲ್ದಾಣ ಮುಚ್ಚಿದರು. ಷಟಲ್ ಟಿಕೆಟ್ ಶನಿವಾರ, ಭಾನುವಾರ ಬೇಗ ಮುಗಿಯುತ್ತದೆ, ಆದ್ದರಿಂದ ವಾರದ ನಡುವಿನ ದಿನ ಇಟ್ಟುಕೊಳ್ಳಿ. ಮಲೇಷ್ಯಾದ ಮುದ್ರೆ ಹತ್ತುವ ಮೊದಲೇ, ಸಿಂಗಾಪುರದ್ದು ಇಳಿದಮೇಲೆ. ವುಡ್‌ಲ್ಯಾಂಡ್ಸ್‌ನಿಂದ ಟ್ಯಾಕ್ಸಿ ಮಾಡಿ, ಅಪ್ಪನನ್ನು ನಡೆಸಬೇಡಿ.