ಹೊಸ ಮೈಕ್ರೋಸ್ಕೋಪ್ ತಂದೆವು, ಏನೂ ಕಾಣುತ್ತಿಲ್ಲ!

ಕೇಳಿದವರು, ಮೈಸೂರು ಸರಸ್ವತಿಪುರಂನಿಂದ:
ಏಳನೇ ಕ್ಲಾಸಿನ ಮಗಳಿಗೆ ಮೈಕ್ರೋಸ್ಕೋಪ್ ಕೊಡಿಸಿದ್ದೇನೆ. 4, 10, 40 ಅಂತ ಮೂರು ಲೆನ್ಸ್, ಕೆಳಗೆ ಕನ್ನಡಿ. ಕುಕ್ಕರಹಳ್ಳಿ ಕೆರೆ ನೀರು ಒಂದು ಹನಿ ಹಾಕಿ ನೇರ 40ರಲ್ಲಿ ನೋಡಿದೆವು. ಕಪ್ಪು ಅಂಚಿನ ಗುಂಡುಗಳು ಬಿಟ್ಟರೆ ಏನೂ ಇಲ್ಲ. ಹನಿಯ ಮೇಲೆ ಮುಚ್ಚುವ ತೆಳು ಗಾಜು, ಕವರ್ ಸ್ಲಿಪ್, ಬೇರೆ ಒಡೆಯಿತು. ಮಗಳು ಮುಖ ಊದಿಸಿಕೊಂಡಿದ್ದಾಳೆ. ಬಳಸಿದವರು ಹೇಳಿ.

ಕಾಲೇಜು ಲ್ಯಾಬಿನಲ್ಲಿ ಕೆಲಸ ಮಾಡಿದವರು:
ಆ ಗುಂಡುಗಳು ಗಾಳಿ ಗುಳ್ಳೆ ಸಾರ್. ಪ್ರತಿ ವರ್ಷ ಹೊಸ ಹುಡುಗರು ಅದನ್ನೇ ಜೀವಕೋಶ ಅಂತ ಚಂದವಾಗಿ ಚಿತ್ರ ಬರೆದು ತರುತ್ತಿದ್ದರು. ಕವರ್ ಸ್ಲಿಪ್ಪನ್ನು ಮೇಲಿಂದ ಪಟ್ ಅಂತ ಬಿಡಬೇಡಿ. ಒಂದು ಅಂಚು ಹನಿಗೆ ತಾಗಿಸಿ, ಸೂಜಿಯಿಂದ ಹಿಡಿದು ನಿಧಾನವಾಗಿ ಮಲಗಿಸಿ.

ಯಾವಾಗಲೂ 4ರ ಲೆನ್ಸಿನಿಂದ ಶುರು ಮಾಡಿ. ಕಣ್ಣಿಡುವ ಲೆನ್ಸ್ 10ರದ್ದಾದರೆ ನಾಲ್ಕು ಹತ್ತಲೆ, ಅದೇ 40 ಪಟ್ಟು ದೊಡ್ಡದಾಗಿ ಕಾಣುತ್ತದೆ. ಪಕ್ಕದಿಂದ ನೋಡುತ್ತಾ ಲೆನ್ಸನ್ನು ಸ್ಲೈಡಿನ ಹತ್ತಿರ ತನ್ನಿ. ಆಮೇಲೆ ಕಣ್ಣಿಟ್ಟು, ದೂರ ಸರಿಸುತ್ತಾ ಫೋಕಸ್ ಮಾಡಿ. ನೀವು ಉಲ್ಟಾ ಮಾಡಿರುತ್ತೀರಿ, ಅದಕ್ಕೇ ಸ್ಲಿಪ್ ಒಡೆದಿದೆ. 40ರ ಲೆನ್ಸಿಗೆ ಹೋದ ಮೇಲೆ ದೊಡ್ಡ ತಿರುಪು ಮುಟ್ಟಲೇಬೇಡಿ, ಸಣ್ಣದು ಮಾತ್ರ. ಕನ್ನಡಿ ಕಿಟಕಿಯ ಬೆಳಕಿಗೆ ಇರಲಿ, ಬಿಸಿಲಿಗೆ ಬೇಡ. ಕಣ್ಣಿಗೆ ಅಪಾಯ. ಬಣ್ಣ ಹಾಕದ ವಸ್ತು ಜಾಸ್ತಿ ಬೆಳಕಿನಲ್ಲಿ ಕರಗಿಹೋದ ಹಾಗಿರುತ್ತದೆ. ಸ್ಲೈಡ್ ಇಡುವ ಸ್ಟೇಜಿನ ಕೆಳಗೆ ಬೆಳಕು ಹೆಚ್ಚು ಕಡಿಮೆ ಮಾಡುವ ಡಯಾಫ್ರಂ ಇದ್ದರೆ ಸ್ವಲ್ಪ ಮುಚ್ಚಿ ನೋಡಿ.

ಇಬ್ಬರು ಮಕ್ಕಳ ಅಮ್ಮ, ಮೈಸೂರು:
ಕೆರೆ ಆಮೇಲೆ ಇರಲಿ, ಮೊದಲು ಈರುಳ್ಳಿ. ಎಸಳಿನ ಒಳಬದಿಯ ತೆಳು ಪೊರೆ ತೆಗೆದು, ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ಹನಿ ಹಾಕಿ. ಇಟ್ಟಿಗೆ ಗೋಡೆ ಥರ ಸಾಲು ಸಾಲು ಕಾಣುತ್ತದೆ. ದಾಸವಾಳದ ಪರಾಗವಂತೂ ಮುಳ್ಳು ಚೆಂಡು! ಸ್ಲೈಡಿನ ಮೇಲೆ ಸುಮ್ನೆ ಉದುರಿಸಿದರೆ ಸಾಕು. ನನ್ನ ಮಗ ಅತ್ತೆಯವರ ಪೂಜೆಗೆ ಒಂದು ಹೂವೂ ಉಳಿಸಲಿಲ್ಲ.

ಮಂಡ್ಯದಿಂದ ಒಬ್ಬರು:
ನೀರಿನ ಮೇಲೆ ತೇಲುವ ಪುಟ್ಟ ಜರೀಗಿಡ ಅಜೋಲಾ ಸಿಕ್ಕರೆ ಬಿಡಬೇಡಿ. ನಾವು ಹಸುಗಳಿಗೆ ಅಂತ ತೊಟ್ಟಿಯಲ್ಲಿ ಬೆಳೆಸುತ್ತೇವೆ. ಒಂದು ಎಲೆಯನ್ನು ನೀರಿನ ಹನಿಯಲ್ಲಿ ಸೂಜಿಯಿಂದ ಚೆನ್ನಾಗಿ ಜಜ್ಜಿ, ಸ್ಲಿಪ್ ಮುಚ್ಚಿ. 100 ಪಟ್ಟಿನಲ್ಲಿ ಹುಡುಕಿಕೊಂಡು 400ಕ್ಕೆ ಹೋಗಿ. ಹಸಿರು ಮಣಿಸರದಂಥ ಎಳೆಗಳು ಸಿಗುತ್ತವೆ. ಅದೇ ಅನಬೀನಾ, ನೀಲಿ-ಹಸಿರು ಪಾಚಿ ಅಂತ ಕರೆಯುವ ಬ್ಯಾಕ್ಟೀರಿಯಾ. ಎಲೆಯೊಳಗಿನ ಗೂಡಿನಲ್ಲಿ ಇದ್ದುಕೊಂಡು ಗಾಳಿಯ ಸಾರಜನಕ ಹಿಡಿಯುತ್ತದೆ. ಭತ್ತದ ಗದ್ದೆಗೆ ಅಜೋಲಾ ಬಿಡುವುದು ಅದಕ್ಕೇ ಅಲ್ವಾ? ಸರದ ನಡುನಡುವೆ ಬೇರೆ ಥರದ, ಸ್ವಲ್ಪ ತಿಳಿಯಾದ ಮಣಿ ಕಾಣುತ್ತವೆ. ಸಾರಜನಕ ಹಿಡಿಯುವ ಕೆಲಸ ಅವುಗಳದು. ಅಪ್ಪನಿಗೆ ತೋರಿಸಿದೆ. ತುಂಬಾ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ "ಇಷ್ಟು ವರ್ಷ ಗದ್ದೇಲಿ ಇದನ್ನೇ ತುಳ್ಕೊಂಡು ಓಡಾಡಿದ್ನೇನೋ?" ಅಂದರು.

ಕೆರೆಯಿಂದ ತಿಳಿನೀರು ತಂದರೆ ಹೆಚ್ಚೇನೂ ಸಿಗುವುದಿಲ್ಲ. ಕಲ್ಲಿಗೆ ಅಂಟಿದ ಪಾಚಿ, ಕೊಳೆತ ಎಲೆ ಹಿಂಡಿದ ನೀರು ತನ್ನಿ. ಜೀವಿಗಳು ಓಡಿಹೋದರೆ ಹನಿಯಲ್ಲಿ ಹತ್ತಿಯ ಎರಡು ಎಳೆ ಹಾಕಿ, ಸಿಕ್ಕಿಕೊಳ್ಳುತ್ತವೆ.

ಕೇಳಿದವರು:
ಈರುಳ್ಳಿ ಕಂಡಿತು! ಸ್ಲೈಡನ್ನು ಎಡಕ್ಕೆ ತಳ್ಳಿದರೆ ಚಿತ್ರ ಬಲಕ್ಕೆ ಹೋಗುತ್ತದೆ ಅಂತ ಮಗಳೇ ಕಂಡುಹಿಡಿದಳು. ಇನ್ನೂ ಎರಡು ಸ್ಲಿಪ್ ಹೋದವು, ಎರಡೂ ನನ್ನ ಕೈಯಲ್ಲೇ. ಭಾನುವಾರ ಪಾಚಿಗೆ ಅಂತ ಉಪ್ಪಿನಕಾಯಿ ಬಾಟಲಿ ತೊಳೆದಿಟ್ಟಿದ್ದಾಳೆ.